ಸ್ನಾಯುವಿನ ಒಂದು ತುಣುಕು ಹೇಳಿದ ಕಥೆ



ಇತಿಹಾಸವೆಂದರೆ ಗೋಲಗುಮ್ಮಟ, ಆದಿಲಶಾಹಿ ಅರಸರು, ತಾಳೀಕೋಟೆಯ ಕದನ ಎಂದೇ ನಮ್ಮ ವಿದ್ಯಾರ್ಥಿಗಳು ತಿಳಿದುಕೊಂಡಿದ್ದಾರೆ. ಅದು ಅವರ ತಪ್ಪಲ್ಲ, ಪಾಠ ಹೇಳುವ ನಮ್ಮ ತಪ್ಪು. ಅರಸರಿಗೆ ಇತಿಹಾಸವಿರುವಂತೆ ಔಷಧಕ್ಕೂ ಉಂಟು, ಸೂಜಿಗೂ ಉಂಟು. ಈ ಸಲ ನಾನು ನಿಮ್ಮ ಮುಂದೆ ಇಡುತ್ತಿರುವುದು ನಾಲ್ಕೈದು ಜೋಳದ ಕಾಳು ಕೂಡಿದರೆ ಎಷ್ಟು ತೂಗುವವೋ ಅಷ್ಟೇ ತೂಕದ ಒಂದು ಮಾಂಸದ ತುಣುಕಿನ ಇತಿಹಾಸ. ಮುಪ್ಪಿನಲ್ಲಿ ಮನುಷ್ಯನ ಶಕ್ತಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ವೃದ್ಧರ ತೊಡೆಯಿಂದ ತೆಗೆದ ತುಣುಕು ಅದು.

ಈ ವಿಷಯಕ್ಕೆ ನಾನು ಬಂದದ್ದು ನಮ್ಮ ದಾದಿಯ ಕಾರಣದಿಂದ. ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಮೇಲೂ ಆಕೆ ಕೊಡ ಹೊತ್ತು ನೀರು ತರುತ್ತಿದ್ದಳು, ಹೊಲದಲ್ಲಿ ಕಸ ತೆಗೆಯುತ್ತಿದ್ದಳು. ದಾದಾ ತೀರಿಕೊಂಡ ಮೇಲೆ ನಾವು ಆಕೆಯನ್ನು ಪಟ್ಟಣಕ್ಕೆ ಕರೆತಂದೆವು. ಇನ್ನು ದುಡಿದದ್ದು ಸಾಕು ಎಂದು ಮನೆಯವರೆಲ್ಲ ನಿಶ್ಚಯಿಸಿದೆವು. ಆಕೆ ಏಳಲು ಹೋದರೆ 'ಬೈಠೋ ದಾದಿ, ಹಮ್ ಹೈ ನಾ' ಎನ್ನುವುದೇ ನಮ್ಮ ಖಿದ್ಮತ್ ಆಯಿತು. ಚಹಾ ಮಂಚಕ್ಕೇ ಬರುತ್ತಿತ್ತು, ಊಟವೂ ಮಂಚಕ್ಕೇ. ಹಲ್ಲಿಲ್ಲವೆಂದು ಆಕೆ ಚಹಾದಲ್ಲಿ ಬ್ರೆಡ್ ಅದ್ದಿ ತಿಂದರೆ ನಾವು ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ಮೂರು ವರ್ಷದಲ್ಲಿ ನೆಲದಿಂದ ಏಳಲು ಗೋಡೆ ಬೇಕಾಯಿತು, ಆಮೇಲೆ ಇನ್ನೊಬ್ಬರ ಭುಜ ಬೇಕಾಯಿತು. ನೆರೆಯವರು, 'ಏನ್ ಮಾಡೂದ್ರಿ ಮಾಸ್ತರ, ವಯಸ್ಸಾದ ಮ್ಯಾಲೆ ಹಿಂಗ' ಎಂದರು. ನಾವೂ ಹಾಗೇ ಅಂದುಕೊಂಡೆವು. ಒಂದು ಬೆಳಗಿನ ಜಾವ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಎಲುಬು ಮುರಿಯಿತು. ಎಕ್ಸ್‌ರೇ ನೋಡಿದ ವೈದ್ಯರು ಆಕೆಯ ತೊಡೆಯನ್ನು ಕೈಯಿಂದ ಮುಟ್ಟಿ, 'ಎಲುಬು ಇವತ್ತ ಮುರದೈತಿ, ತೊಡಿ ಮಾತ್ರ ಎಂದೋ ಹೋಗೇತಿ' ಎಂದರು. ದಾದಿ ಎಂಟು ತಿಂಗಳು ಹಾಸಿಗೆಯಲ್ಲಿದ್ದು ತೀರಿಕೊಂಡಳು. ವೈದ್ಯರ ಆ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ತೊಡೆ ಹೋಗುವುದೆಂದರೇನು?

ಮುಪ್ಪಿನಲ್ಲಿ ಮೈ ಸೊರಗುವುದನ್ನು ಹಿಂದಿನವರು ಕಂಡಿರಲಿಲ್ಲವೆಂದಲ್ಲ. ಇಬ್ನ್ ಸೀನಾ (980–1037) ತಮ್ಮ 'ಅಲ್-ಕಾನೂನ್' ಗ್ರಂಥದಲ್ಲಿ ವೃದ್ಧರ ಪಾಲನೆಗೆಂದೇ ಪ್ರತ್ಯೇಕ ಭಾಗವನ್ನಿಟ್ಟು, ಆಹಾರದ ಜೊತೆಗೆ ಅವರವರ ದೇಹಸ್ಥಿತಿಗೆ ತಕ್ಕ ವ್ಯಾಯಾಮ ಮತ್ತು ಮೈ ತಿಕ್ಕುವುದರ ಬಗ್ಗೆಯೂ ಬರೆದಿದ್ದಾರೆ. ಆದರೆ ಚರ್ಮದ ಒಳಗೆ, ಜೀವಂತ ಸ್ನಾಯುವಿನಲ್ಲಿ ಏನಾಗುತ್ತಿದೆ ಎಂದು ನೋಡುವ ದಾರಿ ಆಗ ಇರಲಿಲ್ಲ. ಸತ್ತ ಮೇಲೆ ಕೊಯ್ದು ನೋಡಬಹುದಿತ್ತು, ಅಷ್ಟೇ.

ಆ ದಾರಿ ತೆರೆದವರು ಫ್ರಾನ್ಸ್ ದೇಶದ ವೈದ್ಯ ಡುಶೆನ್ (1806–1875). ಮಕ್ಕಳ ಸ್ನಾಯುಗಳು ದಿನೇ ದಿನೇ ನಿಶ್ಶಕ್ತವಾಗುವ ಒಂದು ಕಾಯಿಲೆಗೆ ಇಂದಿಗೂ ಅವರ ಹೆಸರಿದೆ. ಮಗು ಬದುಕಿರುವಾಗಲೇ ಅದರ ಸ್ನಾಯುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂಬ ಹಂಬಲದಿಂದ ಅವರು ಒಂದು ವಿಶೇಷ ಸೂಜಿ ಮಾಡಿಸಿದರು. ಚರ್ಮದಲ್ಲಿ ಸಣ್ಣ ತೂತು ಮಾಡಿ ಒಳಗಿನಿಂದ ಒಂದು ಚೂರನ್ನು ಕಚ್ಚಿ ತರುವ ಸೂಜಿ ಅದು. 1868ರಲ್ಲಿ ಅದರ ವಿವರ ಪ್ರಕಟವಾಯಿತು. ಜೀವಂತ ಮನುಷ್ಯನ ಮಾಂಸವನ್ನು ಪರೀಕ್ಷೆಗೆ ತೆಗೆಯುವುದು ಸರಿಯೇ ಎಂಬ ಟೀಕೆ ಆಗಲೇ ಎದ್ದಿತು. ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ, ಆ ಮನುಷ್ಯನ ಒಪ್ಪಿಗೆ. ಅದಿಲ್ಲದೆ ಇಂದು ಇಂಥ ಯಾವ ಸಂಶೋಧನೆಯನ್ನೂ ಮಾಡುವಂತಿಲ್ಲ.

ಡುಶೆನ್ ಅವರ ಸೂಜಿ ಬಹಳ ಕಾಲ ಮೂಲೆಗೆ ಬಿದ್ದಿತ್ತು. 1962ರಲ್ಲಿ ಸ್ವೀಡನ್ನಿನ ಯೋನಾಸ್ ಬೆರಿಸ್ಟ್ರೋಮ್ ಎಂಬ ವೈದ್ಯ ಅದನ್ನು ಹೊಸ ರೂಪದಲ್ಲಿ ಮತ್ತೆ ಬಳಕೆಗೆ ತಂದರು. ಬಯಾಪ್ಸಿ ಎಂದೊಡನೆ ನಮ್ಮ ಕಡೆ ಮನೆಯವರ ಮುಖ ಬಾಡುತ್ತದೆ, ಅದು ಕ್ಯಾನ್ಸರಿನ ಪರೀಕ್ಷೆ ಎಂಬುದೇ ನಮ್ಮ ತಿಳಿವಳಿಕೆ. ಹಾಗೇನಿಲ್ಲ. ದೇಹದ ಯಾವುದೇ ಭಾಗದಿಂದ ಪರೀಕ್ಷೆಗೆಂದು ಚೂರು ತೆಗೆಯುವುದಕ್ಕೆ ಬಯಾಪ್ಸಿ ಎನ್ನುತ್ತಾರೆ. ಇಲ್ಲಿ ತೊಡೆಯ ಹೊರಬದಿಯ ದೊಡ್ಡ ಸ್ನಾಯುವನ್ನು ಆರಿಸಿಕೊಳ್ಳುತ್ತಾರೆ. ಚರ್ಮಕ್ಕೆ ಜೋಮು ಹಿಡಿಸುವ ಚುಚ್ಚುಮದ್ದು ಕೊಟ್ಟು, ಅರ್ಧ ಸೆಂಟಿಮೀಟರಿನಷ್ಟು ಸೀಳಿ, ಪೊಳ್ಳು ಸೂಜಿಯನ್ನು ಒಳಗೆ ಬಿಟ್ಟು ನೂರರಿಂದ ಇನ್ನೂರು ಮಿಲಿಗ್ರಾಂ ಮಾಂಸ ತೆಗೆಯುತ್ತಾರೆ. ಮೇಲೊಂದು ಪಟ್ಟಿ. ಮನುಷ್ಯ ನಡೆದುಕೊಂಡೇ ಮನೆಗೆ ಹೋಗುತ್ತಾನೆ, ಒಂದೆರಡು ದಿನ ತೊಡೆ ನೋಯಬಹುದು. ತೆಗೆದ ಚೂರನ್ನು ಕೂಡಲೇ ಅತಿ ಶೀತದಲ್ಲಿ ಗಡ್ಡೆಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ನೋಡುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಸ್ನಾಯು ರೋಗಗಳ ಪತ್ತೆಗೆ ಇಂಥ ಪರೀಕ್ಷೆ ನಡೆಯುತ್ತದೆ. ಡುಶೆನ್ ಹೆಸರಿನ ಕಾಯಿಲೆಯ ಮಕ್ಕಳನ್ನು ಕರೆದುಕೊಂಡು ಉತ್ತರ ಕರ್ನಾಟಕದ ತಂದೆತಾಯಿಗಳೂ ಅಲ್ಲಿಗೆ ಹೋಗುತ್ತಾರೆ.

ಬೆರಿಸ್ಟ್ರೋಮ್ ಮತ್ತು ಅವರ ಸಂಗಡಿಗ ಎರಿಕ್ ಹಲ್ಟ್‌ಮನ್ ಮಾಡಿದ ಒಂದು ಪ್ರಯೋಗವನ್ನು ನಾನು ಒಂಬತ್ತನೇ ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ವ್ಯಾಯಾಮದ ಒಂದೇ ಸೈಕಲ್ಲಿನ ಎರಡು ಪಕ್ಕದಲ್ಲಿ ಇಬ್ಬರೂ ಕುಳಿತು ತಲಾ ಒಂದೊಂದೇ ಕಾಲಿನಿಂದ ತುಳಿದರು, ಇನ್ನೊಂದು ಕಾಲು ಸುಮ್ಮನಿತ್ತು. ಸುಸ್ತಾಗುವವರೆಗೂ ತುಳಿದ ಮೇಲೆ, ಮುಂದಿನ ಕೆಲವು ದಿನ ಚೆನ್ನಾಗಿ ಉಂಡು, ಎರಡೂ ತೊಡೆಯಿಂದ ಚೂರು ತೆಗೆದು ನೋಡಿದರು. 1966ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ದುಡಿದ ಕಾಲಿನ ಸ್ನಾಯುವಿನಲ್ಲಿ ಶಕ್ತಿಯ ಸಂಗ್ರಹವಾದ ಗ್ಲೈಕೋಜನ್ ಸುಮ್ಮನಿದ್ದ ಕಾಲಿಗಿಂತ ದುಪ್ಪಟ್ಟಾಗಿತ್ತು. ಎರಡೂ ಕಾಲಿಗೆ ಹರಿದದ್ದು ಒಂದೇ ರಕ್ತ, ಸಿಕ್ಕದ್ದು ಒಂದೇ ಊಟ. ಆದರೂ ಊಟವನ್ನು ಕೂಡಿಟ್ಟುಕೊಂಡದ್ದು ದುಡಿದ ಕಾಲು ಮಾತ್ರ. ನಮ್ಮ ದಾದಿಗೆ ನಾವು ಮಂಚದ ಮೇಲೆ ಹಾಲು ಕೊಟ್ಟೆವಲ್ಲ, ಕಾಲಿಗೆ ಕೆಲಸವಿಲ್ಲದೆ ಅದು ಎಲ್ಲಿಗೆ ಹೋಗಿರಬೇಕು ಎಂದು ನನಗೆ ಆಗ ಅನಿಸಿತು.

ಇನ್ನು ಮುಪ್ಪಿನ ಸ್ನಾಯುವಿನ ಸಂಗತಿಗೆ ಬರೋಣ. ಸ್ನಾಯು ಎಂದರೆ ಸಾವಿರಾರು ಎಳೆಗಳ ಕಟ್ಟು. ನಮ್ಮ ತೊಡೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳಿವೆ. ಒಂದು ನಿಧಾನವಾಗಿ ಬಹಳ ಹೊತ್ತು ದುಡಿಯುವಂಥದ್ದು, ದೂರ ನಡೆಯಲು ಬೇಕಾದದ್ದು. ಇನ್ನೊಂದು ಚಟ್ಟನೆ ಎಳೆದು ಬೇಗ ದಣಿಯುವಂಥದ್ದು, ಎದ್ದು ನಿಲ್ಲಲು, ಎಡವಿದಾಗ ಕಾಲು ಮುಂದಿಟ್ಟು ಮೈ ಉಳಿಸಿಕೊಳ್ಳಲು ಬೇಕಾದದ್ದು. ಬಣ್ಣ ಹಾಕಿದ ಚೂರಿನಲ್ಲಿ ಇವು ಕಪ್ಪು-ಬಿಳಿ ಮನೆಗಳಂತೆ ಬೆರೆತು ಕಾಣುತ್ತವೆ. ವೃದ್ಧರ ಚೂರಿನಲ್ಲಿ ಎರಡನೆಯ ಬಗೆಯ ಎಳೆಗಳು ಬಡಕಲಾಗಿರುತ್ತವೆ. ಅದೂ ಅಲ್ಲದೆ ಒಂದೇ ಬಗೆಯ ಎಳೆಗಳು ಅಲ್ಲಲ್ಲಿ ಗುಂಪುಗೂಡಿರುತ್ತವೆ. ಕಾರಣ, ಬೆನ್ನುಹುರಿಯಿಂದ ಸ್ನಾಯುವಿಗೆ ಬರುವ ನರಕೋಶಗಳು ವಯಸ್ಸಾದಂತೆ ಸಾಯುತ್ತವೆ. ಆಗ ತಬ್ಬಲಿಯಾದ ಎಳೆಗಳನ್ನು ಪಕ್ಕದ ನರ ತನ್ನ ಮನೆಗೆ ಸೇರಿಸಿಕೊಳ್ಳುತ್ತದೆ, ಅವು ಸಾಕಿದ ಮನೆಯ ರೀತಿಯನ್ನೇ ಕಲಿಯುತ್ತವೆ. ಯಾರೂ ಸೇರಿಸಿಕೊಳ್ಳದ ಎಳೆಗಳು ನಶಿಸುತ್ತವೆ.

ಆದರೆ ಒಂದು ಚೂರನ್ನು ನೋಡಿ ಇಡೀ ಸ್ನಾಯುವಿನಲ್ಲಿ ಒಟ್ಟು ಎಷ್ಟು ಎಳೆ ಉಳಿದಿವೆ ಎಂದು ಹೇಳಲಾಗದು. ಬಯಾಪ್ಸಿಯ ಕೊರತೆ ಅದು. ಇದನ್ನು ತುಂಬಲು ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಸಂಗಡಿಗರು, ಆರೋಗ್ಯವಾಗಿದ್ದು ಹಠಾತ್ತಾಗಿ ತೀರಿಕೊಂಡ 43 ಪುರುಷರ ತೊಡೆಯ ಇಡೀ ಸ್ನಾಯುವನ್ನೇ ಕೊಯ್ದು ಎಣಿಸಿದರು. ಅವರ ವಯಸ್ಸು 15ರಿಂದ 83. 1988ರಲ್ಲಿ ಹೊರಬಂದ ಈ ಎಣಿಕೆ ಎಲ್ಲರನ್ನೂ ಬೆಚ್ಚಿಬೀಳಿಸುವಂತಿತ್ತು. ಸೊರಗುವಿಕೆ ಅರವತ್ತಕ್ಕಲ್ಲ, ಸುಮಾರು ಇಪ್ಪತ್ತೈದಕ್ಕೇ ಮೆಲ್ಲಗೆ ಶುರುವಾಗಿ ಮುಂದೆ ವೇಗ ಪಡೆಯುತ್ತದೆ. ಇಪ್ಪತ್ತರಿಂದ ಎಂಬತ್ತರ ನಡುವೆ ಹೆಚ್ಚುಕಡಿಮೆ ಶೇ. 40ರಷ್ಟು ಎಳೆಗಳೇ ಇಲ್ಲವಾಗುತ್ತವೆ. ವಿದ್ಯಾರ್ಥಿ ಮಿತ್ರರೇ, ನಿಮಗೆ ಇದು ದೂರದ ಮಾತು ಎನಿಸಬಹುದು. ಮೂವತ್ತು ದಾಟಿದ ನನಗೆ ಹಾಗೆ ಅನಿಸಲಿಲ್ಲ.

ಅದೇ 1988ರಲ್ಲಿ ಅಮೆರಿಕದ ಅಲ್ಬುಕರ್ಕಿಯಲ್ಲಿ ಒಂದು ಸಭೆ ಸೇರಿತ್ತು. ಅಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯ ಎದ್ದು, ಮುಪ್ಪಿನಲ್ಲಿ ಸ್ನಾಯು ಕಳೆಯುವಷ್ಟು ದೊಡ್ಡ ಬದಲಾವಣೆ ಮತ್ತೊಂದಿಲ್ಲ, ಆದರೂ ಅದಕ್ಕೆ ಒಂದು ಹೆಸರೂ ಇಲ್ಲವಲ್ಲ ಎಂದು ಕೇಳಿದರು. ಗ್ರೀಕ್ ಭಾಷೆಯಿಂದ ಎರಡು ಹೆಸರು ಸೂಚಿಸಿದರು, ಉಳಿದದ್ದು 'ಸಾರ್ಕೋಪೀನಿಯಾ'. 'ಸಾರ್ಕ್ಸ್' ಎಂದರೆ ಮಾಂಸ, 'ಪೀನಿಯಾ' ಎಂದರೆ ಬಡತನ. ಉರ್ದುವಿನಲ್ಲಿ ಹೇಳುವುದಾದರೆ 'ಗೋಶ್ತ್ ಕೀ ಗರೀಬಿ'. ಭಾಷೆ ಕಲಿಸುವವನಾಗಿ ನನಗೆ ಈ ಹೆಸರಿನ ಮೇಲೆ ವಿಶೇಷ ಗೌರವವಿದೆ. ಹೆಸರಿಲ್ಲದ್ದನ್ನು ನಾವು ಹಣೆಬರಹ ಎನ್ನುತ್ತೇವೆ, ಹೆಸರು ಬಂದ ಮೇಲೆ ಅದಕ್ಕೆ ಮದ್ದು ಹುಡುಕುತ್ತೇವೆ. ಆದರೂ ಅಮೆರಿಕದ ರೋಗಗಳ ಪಟ್ಟಿಯಲ್ಲಿ ಇದಕ್ಕೊಂದು ಸ್ವಂತ ಸಂಖ್ಯೆ ಸಿಕ್ಕಿದ್ದು 2016ರಲ್ಲಿ. ಹೆಸರಿನಿಂದ ಪಟ್ಟಿಯವರೆಗೆ 28 ವರ್ಷ ಹಿಡಿಯಿತು.

ಹೆಸರಿಡುವ ಹೊತ್ತಿಗೇ ಇನ್ನೊಂದು ಪ್ರಶ್ನೆ ಎದ್ದಿತ್ತು. ಕಳೆದದ್ದು ಮರಳಿ ಬರುತ್ತದೆಯೇ? 1988ರಲ್ಲಿಯೇ ವಾಲ್ಟರ್ ಫ್ರಾಂಟೆರಾ ಮತ್ತು ಸಂಗಡಿಗರು 60ರಿಂದ 72 ವರ್ಷದ ಹನ್ನೆರಡು ಪುರುಷರಿಂದ ಹನ್ನೆರಡು ವಾರ ಭಾರ ಎತ್ತಿಸಿ, ಮೊದಲೂ ಕೊನೆಗೂ ತೊಡೆಯ ಚೂರು ತೆಗೆದು ನೋಡಿದರು. ಎರಡೂ ಬಗೆಯ ಎಳೆಗಳು ಕಣ್ಣಿಗೆ ಕಾಣುವಷ್ಟು ದಪ್ಪಗಾಗಿದ್ದವು. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಇನ್ನೂ ಧೈರ್ಯ ಮಾಡಿದರು. ಬಾಸ್ಟನ್ನಿನ ಒಂದು ವೃದ್ಧಾಲಯದಲ್ಲಿದ್ದ 86ರಿಂದ 96 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಕೊಡಿಸಿದರು. ಅವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಕೋಲು ಬಿಟ್ಟು ನಡೆದರು. ತೊಂಬತ್ತು ವರ್ಷದ ಸ್ನಾಯುವೂ ಮಾತು ಕೇಳುತ್ತದೆ ಎಂಬುದು ಆವರೆಗೆ ಬಹಳ ವೈದ್ಯರೂ ನಂಬಿರದ ಸಂಗತಿ.

ತದ್ವಿರುದ್ಧವಾದದ್ದನ್ನೂ ಅಳೆದು ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ ಹತ್ತು-ಹನ್ನೆರಡು ಮಂದಿಯನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿದರು. ಊಟಕ್ಕೆ ಕೊರತೆ ಇರಲಿಲ್ಲ. ಹತ್ತು ದಿನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕೆಜಿ ಮಾಂಸ ಕರಗಿತ್ತು. ಸ್ನಾಯುವಿನ ಚೂರಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಸುಮಾರು ಶೇ. 30ರಷ್ಟು ಇಳಿದಿತ್ತು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋದೆ. ಅವರು ಮಲಗಿದ್ದು ಹತ್ತೇ ದಿನ. ನಾವು ದಾದಿಯನ್ನು ಕೂಡಿಸಿದ್ದು ಮೂರು ವರ್ಷ. ಪ್ರೀತಿಯಿಂದಲೇ ಕೂಡಿಸಿದೆವು, ಅದರಲ್ಲಿ ಸಂದೇಹವಿಲ್ಲ.

ಇದಿಷ್ಟೂ ಮುಪ್ಪಿನ ಮಾತಾಯಿತು. ಆದರೆ ಸ್ನಾಯುವಿನ ಲೆಕ್ಕ ಶುರುವಾಗುವುದು ತಾಯಿಯ ಗರ್ಭದಲ್ಲಿ. ಸ್ನಾಯುವಿನ ಎಳೆಗಳ ಸಂಖ್ಯೆ ಬಹುಮಟ್ಟಿಗೆ ಹುಟ್ಟುವಷ್ಟರಲ್ಲಿ ನಿಶ್ಚಯವಾಗಿರುತ್ತದೆ, ಹುಟ್ಟಿದ ಮೇಲೆ ಹೆಚ್ಚುವುದು ಮುಖ್ಯವಾಗಿ ಎಳೆಗಳ ದಪ್ಪ. ಹಾಗಾದರೆ ಬಡಕಲಾಗಿ ಹುಟ್ಟಿದ ಮಗು ಮುಪ್ಪಿಗೆ ಹೋಗುವುದು ಕಡಿಮೆ ಗಂಟಿನೊಂದಿಗೆ ಎಂದಾಯಿತಲ್ಲವೇ? ಇದನ್ನು ಪರೀಕ್ಷಿಸಬೇಕಾದರೆ ಎಪ್ಪತ್ತು ವರ್ಷದ ವೃದ್ಧ ಹುಟ್ಟಿದ ದಿನ ಎಷ್ಟು ತೂಗುತ್ತಿದ್ದ ಎಂಬುದು ಗೊತ್ತಿರಬೇಕು. ಯಾರ ಹತ್ತಿರ ಇರುತ್ತದೆ ಅಂಥ ದಾಖಲೆ?

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಎಂಬ ಜಿಲ್ಲೆಯಲ್ಲಿ ಇತ್ತು. 1911ರಲ್ಲಿ ಅಲ್ಲಿನ ಸೂಲಗಿತ್ತಿಯರ ಮೇಲ್ವಿಚಾರಕಿ ಮಾರ್ಗರೆಟ್ ಬರ್ನ್‌ಸೈಡ್, ಹುಟ್ಟಿದ ಪ್ರತಿ ಮಗುವಿನ ತೂಕವನ್ನೂ, ಅದಕ್ಕೆ ಒಂದು ವರ್ಷ ತುಂಬಿದಾಗಿನ ತೂಕವನ್ನೂ ಬರೆದಿಡುವ ಪದ್ಧತಿ ಆರಂಭಿಸಿದರು. ದಾದಿಯರು ಮನೆಮನೆಗೆ ಹೋಗಿ ತೂಗಿ ಬರೆದರು, 1948ರವರೆಗೂ. ದಶಕಗಳ ನಂತರ ಆ ಹಳೆಯ ಲೆಡ್ಜರುಗಳು ಡೇವಿಡ್ ಬಾರ್ಕರ್ ಎಂಬ ವೈದ್ಯವಿಜ್ಞಾನಿಯ ಕೈಗೆ ಬಂದವು. ಅವುಗಳಲ್ಲಿ ಹೆಸರಿದ್ದ ಮಕ್ಕಳು ಅಷ್ಟರಲ್ಲಿ ಮುದುಕರಾಗಿದ್ದರು. ಆ ಪೈಕಿ 68ರಿಂದ 76 ವರ್ಷದ ಸುಮಾರು ನೂರು ಪುರುಷರು ತಮ್ಮ ತೊಡೆಯಿಂದ ಚೂರು ತೆಗೆಯಲು ಒಪ್ಪಿದರು. 2012ರಲ್ಲಿ ಫಲಿತಾಂಶ ಬಂತು: ಹುಟ್ಟಿದಾಗ ಕಡಿಮೆ ತೂಕವಿದ್ದವರ ಚೂರಿನಲ್ಲಿ, ಅಷ್ಟೇ ಜಾಗದಲ್ಲಿ, ಎಳೆಗಳ ಸಂಖ್ಯೆಯೂ ಕಡಿಮೆ ಇತ್ತು. ಒಬ್ಬ ದಾದಿ ತಕ್ಕಡಿ ನೋಡಿ ಗೀಚಿದ ಅಂಕಿ, ಎಪ್ಪತ್ತು ವರ್ಷದ ನಂತರ ಆ ಮನುಷ್ಯನ ತೊಡೆಯಲ್ಲಿ ಓದಲು ಸಿಕ್ಕಿತು.

ನಮ್ಮ ಕರ್ನಾಟಕದಲ್ಲಿಯೂ ಇಂಥ ಒಂದು ಖಜಾನೆ ಇದೆ ಎಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ಬದುಕಿದ್ದ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಅವರು ನೋಡಿದ್ದು ಸ್ನಾಯುವನ್ನಲ್ಲ, ಹೃದಯವನ್ನು. 1996ರ ಅವರ ವರದಿಯಂತೆ 45 ದಾಟಿದವರಲ್ಲಿ, ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು, 3.1 ಕೆಜಿ ಮತ್ತು ಮೇಲ್ಪಟ್ಟವರಲ್ಲಿ ಬರೀ 3 ಮಂದಿಗೆ. ಸ್ನಾಯುವಿನ ಮಟ್ಟಿಗೆ ನಮಗೆ ಹತ್ತಿರದ ಸಾಕ್ಷಿ ಪುಣೆಯ ಸುತ್ತಲಿನ ಹಳ್ಳಿಗಳಿಂದ ಬಂದಿದೆ. ಅಲ್ಲಿ 1990ರ ದಶಕದಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕೆಜಿ, ಇಂಗ್ಲೆಂಡಿನ ಮಕ್ಕಳದ್ದು 3.5 ಕೆಜಿ. ಆಶ್ಚರ್ಯವೆಂದರೆ, ಕೊರತೆ ಎಲ್ಲದರಲ್ಲೂ ಸಮನಾಗಿರಲಿಲ್ಲ. ನಮ್ಮ ಮಕ್ಕಳಲ್ಲಿ ಕೊಬ್ಬು ಬಹುಮಟ್ಟಿಗೆ ಉಳಿದಿತ್ತು, ಹೆಚ್ಚಾಗಿ ಕಡಿಮೆಯಾದದ್ದು ಸ್ನಾಯು ಮತ್ತು ಹೊಟ್ಟೆಯ ಅಂಗಗಳು.

ಈಗ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ತಿರುಗಿ ನೋಡಿ. ನಮ್ಮ ಹಿರಿಯರ ತೂಕ ಹಾಗಿರಲಿ, ಹುಟ್ಟಿದ ತಾರೀಖೇ ಇಲ್ಲ. ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಹೆಸರು ಬರೆದುಕೊಂಡ ಮಾಸ್ತರರು ಕೊಟ್ಟ ಜನ್ಮದಿನ ಅದು. ನಮ್ಮ ದಾದಿ ಮಕ್ಕಳ ವಯಸ್ಸನ್ನು ಬರದಿಂದ ಲೆಕ್ಕ ಹಾಕುತ್ತಿದ್ದಳು. 72ರ ಬರದಲ್ಲಿ ಕಾಮಗಾರಿಗೆ ಹೋಗಿ ಖಡಿ ಒಡೆಯುವಾಗ ನನ್ನ ಸಣ್ಣ ಕಾಕಾ ಆಕೆಯ ಹೊಟ್ಟೆಯಲ್ಲಿದ್ದ. ಆತ ಹುಟ್ಟಿದಾಗ ಎಷ್ಟಿದ್ದ ಎಂದು ಒಮ್ಮೆ ಕೇಳಿದ್ದೆ. ದಾದಿ ತನ್ನ ಎರಡು ಬೊಗಸೆ ಕೂಡಿಸಿ, 'ಇತ್ನಾಸಾ' ಎಂದಳು. ನಮ್ಮ ಮನೆಯ ಲೆಡ್ಜರು ಅಷ್ಟೇ. ಕಾಕಾನಿಗೆ ಈಗ ಐವತ್ತು ದಾಟಿದೆ, ಮನುಷ್ಯ ಮೊದಲಿನಿಂದಲೂ ಸಣಕಲು. ಬರವೇ ಕಾರಣ ಎಂದು ನಾನು ಹೇಳಲಾರೆ, ಒಬ್ಬನನ್ನು ನೋಡಿ ಹಾಗೆ ಹೇಳುವುದು ವಿಜ್ಞಾನವಲ್ಲ. ಆದರೆ ಬರಗಾಲದ ಕೂಸುಗಳು ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಮನೆಮನೆಗೆ ಇದ್ದಾರೆ, ಅವರೀಗ ಮುಪ್ಪಿನ ಹೊಸ್ತಿಲಲ್ಲಿ ನಿಂತಿದ್ದಾರೆ.

ಅವರಿಗೆಲ್ಲ ಬಯಾಪ್ಸಿ ಬೇಕಿಲ್ಲ. ಅದು ಸಂಶೋಧನೆಯ ಮತ್ತು ರೋಗಪತ್ತೆಯ ಸಾಧನ. ಅದು ಕಲಿಸಿದ್ದನ್ನು ಈಗ ಸುಲಭವಾಗಿ ಅಳೆಯಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ದೇಹದ ಪೊಟ್ಯಾಸಿಯಂನಿಂದ ಸಹಜವಾಗಿ ಹೊಮ್ಮುವ ವಿಕಿರಣವನ್ನು ಎಣಿಸಿ, ಸೂಜಿ ಮುಟ್ಟಿಸದೆ ಸ್ನಾಯುವಿನ ಅಂದಾಜು ಮಾಡುವ ಯಂತ್ರವನ್ನು ಕಟ್ಟಿದ್ದಾರೆ. 2017-18ರಲ್ಲಿ ದೇಶದಾದ್ಯಂತ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆದಾಗ ಅವರ ಕೈಹಿಡಿತದ ಬಲವನ್ನೂ ಅಳೆದರು. ಏಷ್ಯಾದ ತಜ್ಞರ 2019ರ ಮಾನದಂಡದಲ್ಲಿ ಕೈಹಿಡಿತ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಇದ್ದರೆ ಎಚ್ಚರಿಕೆ ಬೇಕು. ಮೀನಖಂಡದ ಸುತ್ತಳತೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೂ ಅಷ್ಟೇ. ದರ್ಜಿಯ ಟೇಪು ಸಾಕು. ಇನ್ನೂ ಸುಲಭದ್ದು ಕುರ್ಚಿಯ ಪರೀಕ್ಷೆ: ಎದೆಗೆ ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂಡುವುದು. 12 ಸೆಕೆಂಡು ಅಥವಾ ಮೇಲೆ ಹಿಡಿದರೆ ತೊಡೆ ಸೊರಗುತ್ತಿದೆ ಎಂದು ಅನುಮಾನಿಸಬೇಕು. ಊಟದ ಬಗ್ಗೆ ಒಂದೇ ಮಾತು. ನಮ್ಮ ದೇಶದ 2020ರ ಶಿಫಾರಸಿನಂತೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, 50 ಕೆಜಿಯವರಿಗೆ ಸುಮಾರು 41 ಗ್ರಾಂ. ಚಹಾ-ಬ್ರೆಡ್ಡಿನಿಂದ ಇದು ಹುಟ್ಟುವುದಿಲ್ಲ. ಬೇಳೆ, ಕಾಳುಪಲ್ಯ, ಮೊಟ್ಟೆ, ಹಾಲು ಬೇಕು, ಹಲ್ಲಿಲ್ಲದವರಿಗೆ ಮೆತ್ತಗೆ ಮಾಡಿ ಕೊಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ಕಳೆದ ವರ್ಷ ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಎರಡು ಕೆಲಸ ಕೊಟ್ಟಿದ್ದೆ. ಮನೆಯ ಹಿರಿಯರಿಂದ ಕುರ್ಚಿಯ ಪರೀಕ್ಷೆ ಮಾಡಿಸುವುದು ಮೊದಲನೆಯದು. ಪಕ್ಕದಲ್ಲಿ ಒಬ್ಬರು ನಿಂತಿರಬೇಕು, ನೋವಿದ್ದವರಿಗೆ ಒತ್ತಾಯಿಸಬಾರದು ಎಂದು ಹೇಳಿದ್ದೆ. ಮುದ್ದೇಬಿಹಾಳ ಕಡೆಯ ಒಬ್ಬ ಹುಡುಗಿಯ ನಾನಿಗೆ ಮೊದಲ ದಿನ 21 ಸೆಕೆಂಡು ಹಿಡಿಯಿತು. ಹುಡುಗಿ ಬಿಡಲಿಲ್ಲ, ದಿನಾಲೂ ಶಾಲೆ ಬಿಟ್ಟ ಮೇಲೆ ಹತ್ತು ಸಲ ಏಳಿಸಿ ಕೂಡಿಸಿದಳು. ಮೂರು ತಿಂಗಳಿಗೆ, 'ಸರ್, ನಾನಿದು ಹದಿನಾಲ್ಕಕ್ಕ ಬಂತ್ರಿ, ಈಗ ಸಂತಿಗೂ ತಾನ ಹೊಕ್ಕಾಳ್ರಿ' ಎಂದು ವರದಿ ಒಪ್ಪಿಸಿದಳು. ಎರಡನೆಯ ಕೆಲಸ, ತಮ್ಮ ತಾಯಿ ಕಾರ್ಡು ಹುಡುಕಿ ತಂದು ಹುಟ್ಟಿದಾಗಿನ ತೂಕ ಬರೆಸುವುದು. ನಲವತ್ತೊಂದು ಮಕ್ಕಳಲ್ಲಿ ಹದಿನೇಳು ಮಂದಿಗೆ ಕಾರ್ಡು ಸಿಕ್ಕಿತು. ಉಳಿದವು ಮಳೆಗೆ ತೊಯ್ದಿದ್ದವು, ಇಲ್ಲವೆ ಮನೆ ಬದಲಿಸುವಾಗ ಕಳೆದಿದ್ದವು, ಗೋವಾಕ್ಕೆ ದುಡಿಯಲು ಹೋದಾಗ ಅಲ್ಲೇ ಉಳಿದಿದ್ದವು. ದಾಖಲಾತಿ ಪುಸ್ತಕದಲ್ಲಿ ಜನನ ತೂಕಕ್ಕೆ ಕಾಲಂ ಇಲ್ಲ. ನಾನು ಬೇರೆ ಒಂದು ನೋಟುಬುಕ್ಕಿಗೆ ಕೆಂಪು ಬೈಂಡು ಹಾಕಿಸಿ ಆ ಹದಿನೇಳು ಅಂಕಿಗಳನ್ನು ಬರೆದು ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಈ ಜೂನ್‌ನಲ್ಲಿ ಹೊಸ ತರಗತಿ ಬಂದಾಗ ಇನ್ನೊಂದು ಹಾಳೆ ತುಂಬಬೇಕು.